ತಂಗಿಯ ನೆಲ

ನನ್ನ ತಂಗಿ ಯಾವತ್ತೂ ನಡೆದವಳಲ್ಲ. ಹುಟ್ಟಿದಾಗಿನಿಂದ ಅವಳ ಕಾಲುಗಳು ಸಣಕಲಾಗಿ ಮಡಚಿಕೊಂಡೇ ಇವೆ. ಎಣ್ಮಕಜೆಯ ನಮ್ಮ ಮನೆಯ ಹಿಂದಿನ ಗುಡ್ಡವೆಲ್ಲ ಸರಕಾರಿ ಗೇರು ತೋಟ. ಅವಳು ಅಮ್ಮನ ಹೊಟ್ಟೆಯಲ್ಲಿದ್ದದ್ದು ಆ ತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟ ಕೊಲ್ಲುವ ವಿಷದ ಮದ್ದು ಬಿಡುತ್ತಿದ್ದ ಕಾಲದಲ್ಲಿ. ಆ ಕಥೆಯನ್ನು ಬೇಕಾದಷ್ಟು ಮಂದಿ ನಮ್ಮ ಜಗಲಿಯಲ್ಲೇ ಕೂತು ಬರೆದುಕೊಂಡು ಹೋಗಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ನೆಲದ ವಿಷಯ.

ನಡೆಯಲು ಬಾರದಿದ್ದರೂ ತಂಗಿ ಯಾರನ್ನೂ ಕಾದು ಕೂತವಳಲ್ಲ. ಎರಡೂ ಅಂಗೈ ಮುಂದೆ ಊರಿ, ಸೊಂಟವನ್ನು ಎಳೆದುಕೊಂಡು, ಮತ್ತೆ ಅಂಗೈ ಊರಿ, ಹೀಗೆ ಮನೆಯೆಲ್ಲ ಓಡಾಡುತ್ತಿದ್ದಳು. ಓಡಾಡುತ್ತಿದ್ದಳು ಎಂದೇ ಬರೆಯುತ್ತೇನೆ, ತೆವಳುತ್ತಿದ್ದಳು ಎಂದು ಬರೆದರೆ ಅವಳು ನನ್ನ ಜತೆ ಮಾತು ಬಿಡುತ್ತಾಳೆ. ಬೆಳಿಗ್ಗೆ ಎದ್ದವಳೇ ಅಡುಗೆಕೋಣೆ ದಾಟಿ ಹಿಂದಿನ ಬಚ್ಚಲಿಗೆ ತಾನೇ ಹೋಗುತ್ತಿದ್ದಳು. ಕಕ್ಕಸೂ ಅಲ್ಲೇ. ಮುಖ ತೊಳೆದು, ತಲೆ ಬಾಚಿ, ಜಗಲಿಗೆ ಬಂದು ಬದಿಯಡ್ಕದ ಬಸ್ಸಿಗೆ ಹೋಗುವವರನ್ನೆಲ್ಲ ಮಾತಾಡಿಸಿ, ಯಾರ ಮನೆಯಲ್ಲಿ ಯಾವ ಜಗಳ ಎಂಬುದನ್ನು ತಿಳಿದುಕೊಂಡು ಒಳಗೆ ಬಂದು ಅಮ್ಮನಿಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದಳು. ಅವಳ ಅಂಗೈ ಕಲ್ಲಿನಷ್ಟು ಗಟ್ಟಿ. ಸಣ್ಣವಳಿರುವಾಗ ಯಾರಾದರೂ ಕನಿಕರದಿಂದ ಎತ್ತಿಕೊಳ್ಳಲು ಬಂದರೆ ಕಚ್ಚುತ್ತಿದ್ದಳು. ದೊಡ್ಡವಳಾದ ಮೇಲೆ ಕಚ್ಚುವುದು ಬಿಟ್ಟು “ಎತ್ತಬೇಡಿ” ಎಂದು ಹೇಳಲು ಕಲಿತಳು.

ಅವಳಿಗೆ ಇದೆಲ್ಲ ಸಾಧ್ಯವಾಗುತ್ತಿದ್ದದ್ದು ನಮ್ಮ ಮನೆಯ ನೆಲದಿಂದ. ಪಂಚಾಯತಿನಿಂದ ಸಿಕ್ಕಿದ ಮನೆ ಅದು. ಸಿಮೆಂಟು ಹಾಕಿ, ಮೇಲೆ ನಯ ಮಾಡಿಸುವ ಮೊದಲೇ ಅಪ್ಪ ತೀರಿಕೊಂಡರು. ನೆಲ ಹಾಗೆಯೇ ಒರಟಾಗಿ ಉಳಿಯಿತು. ಕೈ ಊರಿದರೆ ಹಿಡಿತ ಸಿಗುತ್ತಿತ್ತು, ಮಳೆಗಾಲದಲ್ಲೂ ಜಾರುತ್ತಿರಲಿಲ್ಲ.

ಅಮ್ಮನಿಗೆ ಮಾತ್ರ ಆ ನೆಲವೆಂದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿದೆ. ಒಮ್ಮೆ ದೂರದ ಊರಿನಿಂದ ಬಂದ ಒಬ್ಬ ತಂಗಿಯ ಫೋಟೋ ತೆಗೆದು ಪತ್ರಿಕೆಯಲ್ಲಿ ಹಾಕಿಸಿದ್ದ. ಒರಟು ನೆಲದ ಮೇಲೆ ಅಂಗೈ ಊರಿಕೊಂಡು ಕ್ಯಾಮರಾವನ್ನು ದುರುಗುಟ್ಟಿ ನೋಡುತ್ತಿರುವ ತಂಗಿ, ಕೆಳಗೆ ಪ್ರಾಣಿಯ ಹಾಗೆ ಬದುಕುವವಳು ಎಂಬ ಅರ್ಥದ ಒಂದು ಸಾಲು. ಓದಲು ಬಾರದ ಅಮ್ಮನಿಗೆ ಅದನ್ನು ಯಾರೋ ಇಗರ್ಜಿಯ ಅಂಗಳದಲ್ಲಿ ಎಲ್ಲರ ಎದುರು ಓದಿ ಹೇಳಿದರು. ಅಲ್ಲಿಂದ ಮೇಲೆ ಯಾರಾದರೂ ಬರುತ್ತಾರೆಂದರೆ ಅಮ್ಮ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಮಡಿಲ ಮೇಲೆ ಒಂದು ಶಾಲು ಹೊದೆಸುತ್ತಿದ್ದಳು. ಕ್ರಿಸ್ಮಸ್ ಹಾಡು ಹೇಳಿಕೊಂಡು ಬರುವವರನ್ನು ಒಳಗೆ ಕರೆಯುತ್ತಿರಲಿಲ್ಲ, ಅಂಗಳದಲ್ಲೇ ಕೇಕು ಕೊಟ್ಟು ಕಳಿಸುತ್ತಿದ್ದಳು.

ನಾನಾಗ ಮದುವೆಯಾಗಿ ಬದಿಯಡ್ಕದಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಒಂದು ಜವಳಿ ಅಂಗಡಿಯಲ್ಲಿ ಕೆಲಸ. ಕೆಲವು ವರ್ಷಗಳ ಹಿಂದೆ, ಬೇಸಗೆ ರಜೆಯಲ್ಲಿ, ಅಮ್ಮ ಫೋನು ಮಾಡಿ ದೊಡ್ಡ ಸುದ್ದಿಯೊಂದನ್ನು ಹೇಳಿದಳು. ಪೇಟೆಯ ಕಡೆಯ ಒಂದು ಇಗರ್ಜಿಯ ಯುವಕ ಯುವತಿಯರು ನಮ್ಮ ಊರಿನಲ್ಲಿ ಸೇವಾ ಶಿಬಿರ ಮಾಡುತ್ತಾರಂತೆ. ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಉಳಿದುಕೊಂಡು, ಒಂದು ವಾರ ಕಷ್ಟದಲ್ಲಿರುವವರ ಮನೆಯಲ್ಲಿ ದುಡಿಯುತ್ತಾರಂತೆ. ನಮ್ಮ ಮನೆಯನ್ನು ಆರಿಸಿಕೊಂಡಿದ್ದಾರಂತೆ.

“ಎಂತ ಮಾಡ್ತಾರೆ?” ಎಂದು ಕೇಳಿದೆ.

“ರಿಪೇರಿ. ಹೆಚ್ಚು ಕೇಳ್ಬೇಡ, ಅವರು ಹೇಳ್ಬಾರ್ದು ಅಂದಿದ್ದಾರೆ. ನೀನು ಬಂದು ಇವಳನ್ನು ಕರ್ಕೊಂಡು ಹೋಗು. ಧೂಳಾಗ್ತದಲ್ಲ.”

ಆ ಯುವಕರ ಸಂಘದ ಮುಖ್ಯಸ್ಥ ಹುಡುಗನೂ ಫೋನಿನಲ್ಲಿ ಮಾತಾಡಿದ. ಇಂಜಿನಿಯರಿಂಗ್ ಮುಗಿಸಿದವನು, ಮಾತು ಬಹಳ ಮೆತ್ತಗೆ. “ಅಕ್ಕ, ಅವರಿಗೆ ಸರ್ಪ್ರೈಸ್ ಉಂಟು. ನೀವು ಒಂದು ವಾರ ನೋಡ್ಕೊಂಡ್ರೆ ಸಾಕು” ಎಂದ. ಸೋರುವ ಮಾಡು ಸರಿಮಾಡುತ್ತಾರೆ, ಸುಣ್ಣ ಬಳಿಯುತ್ತಾರೆ ಎಂದು ನಾನು ತಿಳಿದುಕೊಂಡೆ. ಹೋಗಿ ತಂಗಿಯನ್ನು ಜೀಪಿನಲ್ಲಿ ಕರೆತಂದೆ.

ನನ್ನ ಮನೆಯಲ್ಲಿ ಅವಳಿಗೆ ಸಮಾಧಾನವೇ ಇರಲಿಲ್ಲ. ಕಿಟಕಿಯ ಬುಡದಲ್ಲಿ ಕೂತು, “ನನ್ನ ಮನೆಯಲ್ಲಿ ಎಂತ ಮಾಡ್ತಿದ್ದಾರಂತ ನನಗೆ ಮಾತ್ರ ಗೊತ್ತಿಲ್ಲ. ಚಂದ ಉಂಟಲ್ಲ ಇದು” ಎನ್ನುತ್ತಿದ್ದಳು.

“ನಂಗೂ ಗೊತ್ತಿಲ್ಲ ಮಾರಾಯ್ತಿ,” ಎಂದೆ. ಅವಳು ನಂಬಲಿಲ್ಲ.

ಆ ಮಕ್ಕಳು ದುಡಿದದ್ದು ಸುಳ್ಳಲ್ಲ. ಅವರಲ್ಲಿ ಅರ್ಧಕ್ಕರ್ಧ ಮಂದಿ ಸ್ವಂತ ಮನೆಯಲ್ಲಿ ತಾವು ಉಂಡ ಬಟ್ಟಲು ತೊಳೆದವರಂತೆ ಕಾಣುತ್ತಿರಲಿಲ್ಲ. ಆದರೂ ರಸ್ತೆಯಿಂದ ನಮ್ಮ ಮನೆಯ ತನಕ ಆ ಏರಿನಲ್ಲಿ ಹೊಯ್ಗೆ ಹೊತ್ತಿದ್ದಾರೆ, ಸಿಮೆಂಟು ಕಲಸಿದ್ದಾರೆ, ಮೇಸ್ತ್ರಿಗೆ ಸಹಾಯ ಮಾಡಿದ್ದಾರೆ. ಹುಡುಗಿಯರು ಅಮ್ಮನ ಹಳೆಯ ಪಾತ್ರೆಗಳನ್ನೆಲ್ಲ ತಿಕ್ಕಿ ಬೆಳಗಿಸಿದ್ದಾರೆ. ಸಂಜೆ ಜಗಲಿಯಲ್ಲಿ ಅಮ್ಮನ ಜತೆ ಜಪಮಾಲೆ ಹಿಡಿದು ತೇರ್ಸ ಪ್ರಾರ್ಥನೆ ಹೇಳಿ, ಗಿಟಾರು ಬಾರಿಸಿ ಹಾಡಿದ್ದಾರೆ. ಅಪ್ಪ ಹೋದ ಮೇಲೆ ಅಮ್ಮನ ಜಗಲಿಯಲ್ಲಿ ಅಷ್ಟು ಜನ ಕೂತದ್ದೇ ಇಲ್ಲ. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬಂದರೂ ಇದನ್ನು ನೆನೆದುಕೊಂಡು ತಡೆದುಕೊಳ್ಳುತ್ತೇನೆ. ತಡೆದುಕೊಳ್ಳಲು ಆಗದಿರುವುದೂ ಉಂಟು.

ಶಿಬಿರದ ಕೊನೆಯ ದಿನ ತಂಗಿಯನ್ನು ಕರೆತರಲು ಹೇಳಿದರು. ಜೀಪು ನಿಲ್ಲುವಾಗ ಎಲ್ಲರೂ ಒಂದೇ ಬಣ್ಣದ ಟೀಶರ್ಟು ಹಾಕಿಕೊಂಡು ಎರಡು ಸಾಲಾಗಿ ನಿಂತಿದ್ದರು. ಗೇಟಿಗೆ ಬಲೂನು ಕಟ್ಟಿದ್ದರು. ಮುಖ್ಯಸ್ಥ ಹುಡುಗ ಬಂದು ತಂಗಿಯ ಕಣ್ಣಿಗೆ ಒಂದು ಕರವಸ್ತ್ರ ಕಟ್ಟಿದ. ಒಂದು ಕುರ್ಚಿ ತಂದರು.

“ಎತ್ತಬೇಡಿ,” ಎಂದಳು ತಂಗಿ.

“ಇವತ್ತು ಒಂದಿನ ಮಾತ್ರ,” ಎಂದು ಆ ಹುಡುಗ ನಗುತ್ತ ಹೇಳಿದ.

ಕುರ್ಚಿ ಸಮೇತ ಅವಳನ್ನು ಎತ್ತಿಕೊಂಡು, ಹಾಡು ಹೇಳುತ್ತ ಒಳಗೆ ಹೋದರು. ಹಿಂದೆ ನಾನು. ಹೊಸ್ತಿಲು ದಾಟಿದ ಕೂಡಲೇ ನೆಲದಲ್ಲಿ ನನ್ನ ಕಾಲಿನ ಪ್ರತಿಬಿಂಬ ಕಂಡಿತು. ಚಾವಡಿಯಿಂದ ಅಡುಗೆಕೋಣೆ, ಬಚ್ಚಲಿನ ತನಕ ಬೆಳ್ಳಗಿನ ಟೈಲ್ಸ್. ಕನ್ನಡಿಯಷ್ಟು ಹೊಳಪು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕರಿಯ ಗ್ರಾನೈಟು ಫಲಕ, ಅದರ ಮೇಲೆ ಶಿಲುಬೆ, ತಮ್ಮ ಸ್ವರ್ಗಸ್ಥ ತಾಯಿಯ ಆತ್ಮದ ನೆನಪಿಗಾಗಿ ಮಕ್ಕಳು ಕೊಟ್ಟದ್ದು ಎಂಬ ಬರಹ. ದುಬೈಯಲ್ಲಿರುವ ಒಂದು ಕುಟುಂಬ ಟೈಲ್ಸ್ ಕೊಡಿಸಿತ್ತು. ಆ ತಾಯಿ ತೀರಿಕೊಂಡು ವರ್ಷ ತುಂಬುತ್ತಿತ್ತಂತೆ.

ತಂಗಿಯನ್ನು ಚಾವಡಿಯ ನಡುವೆ ನೆಲಕ್ಕೆ ಇಳಿಸಿ ಕಣ್ಣಿನ ಕರವಸ್ತ್ರ ಬಿಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿ ಮೊದಲು ಅಮ್ಮನ ಮುಖ ನೋಡಿದಳು. ಅಮ್ಮ ಮದುವೆ ಸೀರೆ ಉಟ್ಟಿದ್ದಳು, ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿಲ್ಲ. ತಂಗಿ ಎರಡೂ ಅಂಗೈ ಮುಂದೆ ಊರಿ ಸೊಂಟ ಎಳೆದಳು. ಕೈಗಳೆರಡೂ ಎರಡು ಕಡೆಗೆ ಜಾರಿ ಹೋದವು. ಎದೆ ನೆಲಕ್ಕೆ ಬಡಿದು ಮುಖ ಟೈಲ್ಸಿಗೆ ತಾಗಿತು.

“ನೋಡಿ, ನೆಲಕ್ಕೆ ಮುತ್ತು ಕೊಟ್ಳು,” ಎಂದಳು ಒಬ್ಬ ಹುಡುಗಿ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಚಪ್ಪಾಳೆ ಇನ್ನಷ್ಟು ಜೋರಾಯಿತು. ಆ ಗಳಿಗೆಯ ಫೋಟೋ ಅವರ ವಾಟ್ಸಾಪಿನಲ್ಲೆಲ್ಲ ಓಡಾಡಿತು, ಈಗಲೂ ಯಾರ ಯಾರ ಫೋನಿನಲ್ಲಿದೆಯೋ. ಅಷ್ಟರಲ್ಲಿ ನಮ್ಮ ಫಾದರ್ ಬಂದು, ಪ್ರತಿ ಕೋಣೆಗೂ ಪವಿತ್ರ ಜಲ ಚಿಮುಕಿಸಿ ಆಶೀರ್ವಾದ ಮಾಡಿದರು. ಅಮ್ಮ ಆ ಫಲಕದ ಕೆಳಗೆ ಮೇಣದ ಬತ್ತಿ ಹಚ್ಚಿದಳು. ತಂಗಿಯನ್ನು ಯಾರೋ ಎತ್ತಿ ಮತ್ತೆ ಕುರ್ಚಿಯಲ್ಲಿ ಕೂರಿಸಿದ್ದರು. ಅವಳು ಬೇಡವೆನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲದಲ್ಲಿ ಟೈಲ್ಸು ತಾನಾಗಿ ಬೆವರುತ್ತದೆ. ಒಣಗಿದ್ದಾಗಲೇ ನಿಲ್ಲದ ಕೈ ಒದ್ದೆಯಾದಾಗ ನಿಲ್ಲುವುದುಂಟೇ? ಅಡುಗೆಕೋಣೆಯ ಬಾಗಿಲಲ್ಲಿ ಬಿದ್ದು ಗದ್ದ ಒಡೆದುಕೊಂಡಳು, ಹೊಲಿಗೆ ಹಾಕಿಸಬೇಕಾಯಿತು. ಅಮ್ಮ ಒಂದು ಉಪಾಯ ಕಂಡುಕೊಂಡಳು. ಬೆಡ್‌ಶೀಟಿನ ಮೇಲೆ ಅವಳನ್ನು ಕೂರಿಸಿ, ಎರಡು ತುದಿ ಹಿಡಿದು ಎಳೆಯುವುದು. ಟೈಲ್ಸಿನ ಮೇಲೆ ಸಲೀಸಾಗಿ ಜಾರಿಕೊಂಡು ಬರುತ್ತದೆ. “ನೋಡು, ಈಗ ಇವಳಿಗೂ ಕಷ್ಟ ಇಲ್ಲ, ನನಗೂ ಕಷ್ಟ ಇಲ್ಲ” ಎಂದು ನನಗೆ ಎಳೆದು ತೋರಿಸಿದಳು. ತಂಗಿ ಆ ಬೆಡ್‌ಶೀಟಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ದಿನಸಿ ಅಂಗಡಿಯಲ್ಲಿ ಅಕ್ಕಿಮೂಟೆ ಎಳೆಯುವುದು ಹೀಗೆಯೇ.

ಜಗಲಿಗೆ ಬರುವುದನ್ನು ಅವಳು ಬಿಟ್ಟಳು. ಬಸ್ಸಿಗೆ ಹೋಗುವವರು ಮನೆಯ ಎದುರು ನಿಂತು, “ಎಲ್ಲಿದ್ದಾಳೆ, ಕಾಣುವುದಿಲ್ಲ” ಎಂದು ಕೇಳಿದರೆ ಒಳಗಿನಿಂದ ಉತ್ತರ ಕೊಡುತ್ತಿರಲಿಲ್ಲ. ಕುಡಿಯುವ ನೀರು ಕಡಿಮೆ ಮಾಡಿದಳು. ಅದು ಮೊದಲು ಗೊತ್ತಾದದ್ದು ಪಂಚಾಯತಿನ ಪಾಲಿಯೇಟಿವ್ ಸಿಸ್ಟರಿಗೆ, ಅಂದರೆ ಹಾಸಿಗೆ ಹಿಡಿದವರನ್ನು ನೋಡಲು ಮನೆಮನೆಗೆ ಬರುವ ನರ್ಸಿಗೆ. ಜ್ವರ, ಹೊಟ್ಟೆಯ ಕೆಳಗೆ ನೋವು, ಮೂತ್ರ ಉರಿ.

“ನೀರು ಯಾಕೆ ಕುಡಿಯುದಿಲ್ಲ ನೀನು?” ಎಂದು ಸಿಸ್ಟರು ಕೇಳಿದರು.

“ಕುಡಿದ್ರೆ ಹೋಗ್ಬೇಕಾಗ್ತದೆ,” ಎಂದಳು ತಂಗಿ. “ಹೋಗ್ಬೇಕಾದ್ರೆ ಅಮ್ಮನನ್ನು ಕರೀಬೇಕಾಗ್ತದೆ.”

ನಾನು ಸುಮ್ಮನೆ ಕೂರುವ ಜಾತಿಯವಳಲ್ಲ. ಗೋಣಿಚೀಲ ಹಾಸಿ ನೋಡಿದೆ, ಅವಳ ಜತೆ ಅದೂ ಮುದ್ದೆಯಾಗಿ ಜಾರಿತು. ತೆಂಗಿನ ನಾರಿನ ಚಾಪೆ ತಂದೆ, ತೊಡೆಯ ಚರ್ಮ ಕಿತ್ತು ಬಂತು. ಜಾರದ ಹಾಗೆ ಅಂಟಿಸುವ ಪಟ್ಟಿ ಸಿಗುತ್ತದೆಂದು ಹೊಸಂಗಡಿಯವರೆಗೆ ಹೋಗಿ ತಂದೆ, ಮಳೆಯ ಪಸೆಗೆ ಎದ್ದು ಬಂತು. ಆ ಹುಡುಗನಿಗೆ ಫೋನು ಮಾಡಿ ಹೇಳಿದೆ. ಅವನು ಪೂರ್ತಿ ಕೇಳಿ, “ಅಯ್ಯೋ ಅಕ್ಕ, ನಾವು ಎಂತಾದ್ರೂ ಮಾಡ್ತೇವೆ” ಎಂದ. ಮಾಡಿದ ಕೂಡ. ಒಂದು ಗಾಲಿಕುರ್ಚಿ ಕಳಿಸಿಕೊಟ್ಟ. ನಮ್ಮ ಬಚ್ಚಲಿನ ಬಾಗಿಲಿಗೆ ಅದು ಹಿಡಿಸುವುದಿಲ್ಲ. ಅದರ ಮೇಲೆ ಅಮ್ಮ ಬಟ್ಟೆ ಒಣಗಿಸುತ್ತಾಳೆ.

ಕೊನೆಗೆ ಒಂದು ಆದಿತ್ಯವಾರ ನಾನು ಮೇಸ್ತ್ರಿಯನ್ನು ಕೊರೆಯುವ ಮಿಷನ್ ಸಮೇತ ಕರೆದುಕೊಂಡೇ ಹೋದೆ. ಮನೆಯಿಡೀ ಬೇಡ, ಅವಳ ಹಾಸಿಗೆಯಿಂದ ಬಚ್ಚಲಿನ ತನಕ, ಹಾಸಿಗೆಯಿಂದ ಜಗಲಿಯ ತನಕ ಒಂದು ದಾರಿಯಷ್ಟು ಅಗಲಕ್ಕೆ ಟೈಲ್ಸ್ ಕಿತ್ತು ಸಿಮೆಂಟು ಒರಟಾಗಿ ಹಾಕಿದರೆ ಸಾಕು. ಅಮ್ಮ ಇಗರ್ಜಿಯ ಪೂಜೆ ಮುಗಿಸಿ ಆಗಷ್ಟೇ ಬಂದಿದ್ದಳು. ಮಿಷನ್ ನೋಡಿದವಳೇ ಬಾಗಿಲಿಗೆ ಅಡ್ಡ ನಿಂತಳು.

“ಸತ್ತವರ ಹೆಸರಲ್ಲಿ ಕೊಟ್ಟದ್ದು ಇದು. ಆಶೀರ್ವಾದ ಆದ ನೆಲ. ನಾನು ಇರುವಷ್ಟು ದಿನ ಇದನ್ನು ಒಡೀಲಿಕ್ಕೆ ಇಲ್ಲ.”

“ಬದುಕಿರುವವಳ ಗತಿ ಎಂತ ಅಮ್ಮ? ಅವಳು ನೀರು ಕುಡಿಯುವುದು ಬಿಟ್ಟಿದ್ದಾಳೆ.”

“ನಾನಿಲ್ವಾ ಎಳೀಲಿಕ್ಕೆ? ನಾನು ಬೇಡ ಅಂತ ಹೇಳಿದ್ದೇನಾ?” ಎಂದಳು ಅಮ್ಮ. “ನೀನು ಮದುವೆಯಾಗಿ ಹೋದವಳು. ಪೇಪರಿನಲ್ಲಿ ಬಂದದ್ದನ್ನು ಇಗರ್ಜಿಯ ಅಂಗಳದಲ್ಲಿ ಓದುವಾಗ ಅಲ್ಲಿ ನಿಂತದ್ದು ನಾನು. ಇನ್ನೊಮ್ಮೆ ಆ ನೆಲದ ಮೇಲೆ ಇವಳನ್ನು ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಮೇಸ್ತ್ರಿ ಮಿಷನ್ ಎತ್ತಿಕೊಂಡು ಹೋದ. ನಾನು ಅಲ್ಲಿಂದ ನೇರ ಫಾದರ್ ಬಳಿಗೆ ಹೋದೆ. ಅವರು ಒಳ್ಳೆಯವರು. “ಒಡೆದ್ರೆ ಪಾಪ ಏನೂ ಇಲ್ಲ. ಆದ್ರೆ ಕೊಟ್ಟವರಿಗೆ ಬೇಜಾರಾಗುವ ಹಾಗೆ ಮಾಡ್ಬೇಡಿ” ಎಂದರು. ಮೊದಲಿನ ಮಾತನ್ನು ನಾನು ಅಮ್ಮನಿಗೆ ತಲುಪಿಸಿದೆ. ಎರಡನೆಯದನ್ನು ಅಮ್ಮ ತಾನೇ ಹೋಗಿ ಕೇಳಿಕೊಂಡು ಬಂದು ಗಟ್ಟಿಯಾಗಿ ಹಿಡಿದುಕೊಂಡಳು.

ಡಿಸೆಂಬರಿನಲ್ಲಿ ಆ ಮಕ್ಕಳು ಕ್ರಿಸ್ಮಸ್ಸಿನ ಕುಸ್ವಾರು ತಿಂಡಿ ತೆಗೆದುಕೊಂಡು ಮತ್ತೆ ಬಂದರು. ಕಳೆದ ಸಲ ಸೇವೆ ಮಾಡಿದ ಮನೆಗಳನ್ನು ನೋಡಿ ಹೋಗುವುದು ಅವರ ಕ್ರಮವಂತೆ. ನಾನೂ ರಜೆ ಹಾಕಿ ಹೋಗಿದ್ದೆ. ಅಮ್ಮ ಬೆಳಿಗ್ಗೆಯೇ ಗೋಣಿ, ಚಾಪೆ ಎಲ್ಲ ಸುತ್ತಿ ಕೊಟ್ಟಿಗೆಗೆ ಹಾಕಿ, ನೆಲವನ್ನು ಎರಡೆರಡು ಸಲ ಒರೆಸಿದ್ದಳು. ತಂಗಿ ಕುರ್ಚಿಯಲ್ಲಿ, ಮಡಿಲ ಮೇಲೆ ಶಾಲು. ಕುಸ್ವಾರಿನ ಡಬ್ಬಿ ಅವಳ ಕೈಗೆ ಕೊಟ್ಟು ಫೋಟೋ ತೆಗೆದರು.

“ಹೇಗಿದ್ದೀರಿ? ಖುಷಿ ಉಂಟಾ?” ಎಂದು ಮುಖ್ಯಸ್ಥ ಹುಡುಗ ಅವಳ ಎದುರು ಮಂಡಿಯೂರಿ ಕೂತು ಕೇಳಿದ.

“ನೀವು ಒಮ್ಮೆ ನನ್ನ ಹಾಗೆ ಬಚ್ಚಲಿಗೆ ಹೋಗಿ ಬನ್ನಿ,” ಎಂದಳು ತಂಗಿ. “ಕಾಲು ಮಡಚಿ. ಬರೀ ಕೈಯಲ್ಲಿ.”

ಉಳಿದವರು ನಕ್ಕರು. ಅವನೂ ನಗುತ್ತಲೇ ನೆಲದ ಮೇಲೆ ಕೂತು, ಕಾಲು ಮಡಚಿ, ಅಂಗೈ ಊರಿ ಹೊರಟ. ಅಂಗೈ ಜಾರಿತು. ಮತ್ತೆ ಊರಿದ, ಮತ್ತೆ ಜಾರಿತು. ಒಬ್ಬ ವಿಡಿಯೋ ಮಾಡುತ್ತಿದ್ದ. ಅಡುಗೆಕೋಣೆಯ ಬಾಗಿಲು ತಲುಪುವ ಮೊದಲೇ ಅವನ ಮೊಣಕೈ ನೆಲಕ್ಕೆ ಬಡಿಯಿತು. ಅಲ್ಲೇ ಕೂತು ತನ್ನ ಅಂಗೈಗಳನ್ನು ನೋಡಿಕೊಂಡ. ಅವನ ನಗು ನಿಂತಿತ್ತು.

“ಇದು ಜಾರ್ತದೆ,” ಎಂದ.

“ಹೌದು. ಜಾರ್ತದೆ,” ಎಂದಳು ತಂಗಿ.

ಅವನು ಎದ್ದು ಅಮ್ಮನ ಕಡೆ ತಿರುಗಿದ. ಅವನು ಒಂದು ಮಾತು ಹೇಳಿದರೆ ಅಮ್ಮ ಕೇಳುತ್ತಾಳೆ. ನಾನು ಹೇಳಿದರೆ ಕೇಳದವಳು, ಫಾದರ್ ಹೇಳಿದರೆ ಅರ್ಧ ಕೇಳುವವಳು, ಆ ಹುಡುಗ ಹೇಳಿದರೆ ಪೂರ್ತಿ ಕೇಳುತ್ತಾಳೆ. “ಆಂಟಿ, ಇದನ್ನು ಸ್ವಲ್ಪ ತೆಗೆಸಿದ್ರೆ...” ಎಂದು ಶುರು ಮಾಡಿದ.

“ಅವಳಿಗೆ ತಮಾಷೆ ಮಗಾ,” ಎಂದುಬಿಟ್ಟಳು ಅಮ್ಮ. “ಅವಳು ಸುಖವಾಗಿದ್ದಾಳೆ. ಯಾವಾಗಲೂ ನಿಮಗೋಸ್ಕರ ಪ್ರಾರ್ಥನೆ ಮಾಡ್ತಾಳೆ. ಬನ್ನಿ, ಕಾಫಿ ಆರ್ತದೆ.”

ಹುಡುಗ ತಂಗಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ, ಫಲಕವನ್ನೂ ನೋಡಿದ. “ಕೊಟ್ಟವರ ಹತ್ರ ಒಂದು ಮಾತು ಕೇಳಿ ಹೇಳ್ತೇನೆ” ಎಂದು ನನಗೆ ಮೆಲ್ಲಗೆ ಹೇಳಿ ಕಾಫಿ ಕುಡಿಯಲು ಹೋದ. ಕೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನು ಬರಲಿಲ್ಲ.

ಅವರ ಟೆಂಪೋ ಇಳಿಜಾರು ದಾಟಿದ ಮೇಲೆ ತಂಗಿ ನನ್ನನ್ನು ಕರೆದಳು. ಬದಿಯಡ್ಕದಿಂದ ಆಚೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಆಶ್ರಮದ ವಿಷಯ ಪಾಲಿಯೇಟಿವ್ ಸಿಸ್ಟರು ಅವಳಿಗೆ ಹೇಳಿದ್ದರಂತೆ. ಹಳೆಯ ಶಾಲೆಯ ಕಟ್ಟಡವಂತೆ.

“ನೆಲ ಎಂತದ್ದು ಅಂತ ಕೇಳಿದ್ದೇನೆ. ಸಿಮೆಂಟಿಂದು,” ಎಂದಳು. “ನನ್ನನ್ನು ಅಲ್ಲಿ ಬಿಡು ಅಕ್ಕ.”

ಅಮ್ಮ ಲೋಟ ತೊಳೆಯುತ್ತಿದ್ದವಳು ಅಲ್ಲಿಂದಲೇ ಕೇಳಿದಳು. “ಹೆತ್ತ ತಾಯಿ ಇರುವಾಗ ಆಶ್ರಮಕ್ಕಾ? ಜನ ನನ್ನ ಮುಖಕ್ಕೆ ಉಗುಳುವುದಿಲ್ವಾ?”

“ಅಲ್ಲಿ ನಾನೇ ಹೋಗ್ಬಹುದು ಅಮ್ಮ. ಅಷ್ಟೆ.”

ಅಮ್ಮ ಅತ್ತಳು, ಬೈದಳು, ಎರಡು ದಿನ ಊಟ ಬಿಟ್ಟಳು. ನೆಲ ಒಡೆಸುತ್ತೇನೆ ಎಂದು ಒಂದೇ ಒಂದು ಸಲ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ತಂಗಿ ಕಾದದ್ದೂ ಅದಕ್ಕೇ ಎಂದು ನನಗೆ ಗೊತ್ತು. ಅಮ್ಮ ಹೇಳಲಿಲ್ಲ. ಹೊಸ ವರ್ಷ ಕಳೆದ ಮೇಲೆ ನಾನು ತಂಗಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಆಶ್ರಮದಲ್ಲಿ ಬಿಟ್ಟುಬಂದೆ. ಅಮ್ಮ ಜಗಲಿಯ ತನಕವೂ ಬರಲಿಲ್ಲ.

ಅವಳನ್ನು ನೋಡಲು ಬರಬೇಕೆಂದು ಅಮ್ಮನಿಗೆ ಮನಸ್ಸಾದದ್ದು ಈಸ್ಟರಿನ ಹತ್ತಿರ. ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಅಮ್ಮನ ಮಡಿಲಲ್ಲಿ ತಂಗಿಗೆ ಇಷ್ಟವೆಂದು ಮಾಡಿದ, ಇಡ್ಲಿಯಂಥ ಸಾನ್ನದ ಡಬ್ಬಿ. ಆಶ್ರಮದ ಉದ್ದ ಜಗಲಿಯ ಆ ತುದಿಯಲ್ಲಿ ತಂಗಿ ಯಾರೋ ಅಜ್ಜಿಗೆ ತಲೆ ಬಾಚುತ್ತಿದ್ದಳು. ನಮ್ಮನ್ನು ಕಂಡವಳು ಬಾಚಣಿಗೆ ಅಜ್ಜಿಯ ಕೈಗೆ ಕೊಟ್ಟು, ಅಂಗೈ ಊರಿ, ಸೊಂಟ ಎಳೆದು, ಅಂಗೈ ಊರಿ, ನಮ್ಮ ತನಕ ಬಂದಳು. ದಪ್ಪಗಾಗಿದ್ದಳು. ಅಂಗೈ ತೋರಿಸಿದಳು, ಮೆತ್ತಗಾಗಿದ್ದ ಚರ್ಮ ಮತ್ತೆ ಗಟ್ಟಿಯಾಗುತ್ತಿತ್ತು. ಅಮ್ಮನ ಕಣ್ಣು ತುಂಬಿದ್ದು ನೋಡಿ, “ಯಾಕೆ ಅಳುದು? ನಾನೇ ಬಂದದ್ದಲ್ವಾ” ಎಂದಳು.

ಆ ಮಧ್ಯಾಹ್ನ ಅವಳು ಊಟದ ಕೋಣೆ, ಬಚ್ಚಲು, ಪ್ರಾರ್ಥನೆಯ ಕೋಣೆ ಎಲ್ಲ ತೋರಿಸುತ್ತ ಮುಂದೆ ಮುಂದೆ ಹೋದಳು. ನಾವು ಹಿಂದೆ. ಅಮ್ಮ ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದಳು. ಒಂದು ಕಡೆ ಹಿಂದುಳಿದವಳನ್ನು ತಿರುಗಿ ನೋಡಿದರೆ, ಗೋಡೆ ಹಿಡಿದು ನಿಂತು, ಬರಿಯ ಅಂಗಾಲನ್ನು ನೆಲಕ್ಕೆ ಮೆಲ್ಲಗೆ ಉಜ್ಜಿ ನೋಡುತ್ತಿದ್ದಳು. ಹೊರಡುವಾಗ ತಂಗಿ ಗೇಟಿನ ತನಕ ಬಂದು ನಮ್ಮನ್ನು ಕಳಿಸಿದಳು.

ಬಸ್ಸು ತಡವಾಯಿತು. ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಅಮ್ಮ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

“ನಮ್ಮ ಮನೆಯದ್ದೂ ಹೀಗೇ ಇತ್ತಲ್ವಾ?” ಎಂದಳು.

“ಹೀಗೇ ಇತ್ತು,” ಎಂದೆ.